ಅಕ್ಕನಿಗೆ ಬಂದ ಸರಕಾರಿ ಸಹಾಯ

ಬಡವರಿಗೆ ಏನಾದರೂ ಕೊಡಬೇಕೆಂದು ಸರಕಾರ ಹೊರಟಾಗಲೆಲ್ಲ ನಗುವಂಥದ್ದು ಒಂದು ಆಗಿಯೇ ಆಗುತ್ತಿತ್ತು. ನಾನು ಬ್ಲಾಕ್ ಆಫೀಸಿನಲ್ಲಿ ಗ್ರಾಮಸೇವಕನಾಗಿ ಬೆಳ್ಳಾರೆಯ ಸುತ್ತ ಸೈಕಲ್ ತುಳಿಯುತ್ತಿದ್ದ ಕಾಲ. ಆಗ ಸುಳ್ಯ, ಕಡಬ ಎಲ್ಲ ಪುತ್ತೂರು ತಾಲೂಕಿಗೇ ಸೇರಿದ್ದವು. ಈಗ ಹೇಳುವುದೆಲ್ಲ ಒಬ್ಬಳೇ ಹೆಂಗಸಿಗೆ ಆದದ್ದು. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ತೋಟದ ಮನೆಗಳಲ್ಲಿ ಅಡಿಕೆ ಸುಲಿದು ಬದುಕುತ್ತಿದ್ದಳು. ಊರಿಗೆಲ್ಲ ಅವಳು ಅಕ್ಕ.

ಜೀಪು

ಒಂದು ಮಳೆಗಾಲ ಕೊಳೆರೋಗ ಬಂದು ಅಡಿಕೆಯೆಲ್ಲ ಉದುರಿತು. ಸುಲಿಯಲು ಅಡಿಕೆಯೇ ಇಲ್ಲದ ಮೇಲೆ ಸುಲಿಯುವವರಿಗೆ ಕೂಲಿ ಎಲ್ಲಿಯದು? ಕೆಲಸ ಹೋದವರಿಗೆಂದು ಸರಕಾರ ಒಂದು ಮಣ್ಣಿನ ರಸ್ತೆ ಮಂಜೂರು ಮಾಡಿತು. ಕೆಲಸ ಸುರು ಮಾಡಿಸಲು ನಮ್ಮ ಆಫೀಸರು ಜೀಪಿನಲ್ಲಿ ಬಂದರು. ರಸ್ತೆ ಇಲ್ಲದ ಕಡೆ ಜೀಪು ಬಂದರೆ ಆಗುವುದೇ ಆಯಿತು, ಗದ್ದೆಯ ಕೆಸರಿನಲ್ಲಿ ಹೂತಿತು. ಬುಟ್ಟಿ, ಗುದ್ದಲಿ ಹಿಡಿದು ಕಾದಿದ್ದವರೆಲ್ಲ ಅದನ್ನು ದೂಡಿದರು. ಅದು ಮೇಲೆ ಬರುವಾಗ ಸಂಜೆ.

"ಇವತ್ತಿನ ಕೂಲಿ?" ಎಂದು ಅಕ್ಕ ಕೇಳಿದಳು.

ಆಫೀಸರು ಪ್ಯಾಂಟಿನ ಕೆಸರು ಒರೆಸುತ್ತ, "ರಸ್ತೆ ಕೆಲಸ ಇನ್ನೂ ಸುರುವೇ ಆಗಲಿಲ್ಲವಲ್ಲಮ್ಮ. ನೀವು ಇವತ್ತು ಮಾಡಿದ್ದು ಶ್ರಮದಾನ" ಎಂದರು.

ಅಕ್ಕ ನನ್ನ ಕಡೆ ತಿರುಗಿದಳು. "ಹಾಗಾದರೆ ನಾಳೆ ಅವರು ನಡ್ಕೊಂಡು ಬರ್ಲಿ ಮಗ. ದಿನಾ ದಾನ ಕೊಡುವಷ್ಟು ನಾವು ಶ್ರೀಮಂತರಲ್ಲ."

ಚರಕ

ರಸ್ತೆ ಅರ್ಧಕ್ಕೆ ನಿಂತಿತು. ಅಷ್ಟರಲ್ಲಿ ಹೆಂಗಸರಿಗೆ ಮನೆಯಲ್ಲೇ ಉದ್ಯೋಗ ಎಂಬ ಯೋಜನೆ ಬಂತು. ಪುತ್ತೂರಿನಲ್ಲಿ ತರಬೇತಿ ಕೊಟ್ಟು, ಅಕ್ಕನಿಗೂ ಒಂದು ಚರಕ ಕೊಟ್ಟರು. ಚರಕ ಬಂತು, ಹತ್ತಿ ಬರಲಿಲ್ಲ. ನಮ್ಮ ಕಡೆ ಹತ್ತಿ ಬೆಳೆಯುವವರು ಯಾರು? ಆಫೀಸಿನಲ್ಲಿ ಕೇಳಿದರೆ, ಚರಕಕ್ಕೆ ಬಂದ ಹಣ ಬೇರೆ, ಹತ್ತಿಯ ಹಣ ಬೇರೆ, ಅದು ಇನ್ನೂ ಬಂದಿಲ್ಲ ಎಂದರು.

ಮಂಗಳೂರಿನಿಂದ ದೊಡ್ಡ ಸಾಹೇಬರು ನೋಡಲು ಬರುತ್ತಾರೆಂದು ಗೊತ್ತಾದಾಗ ನಮ್ಮ ಆಫೀಸರು ಅಕ್ಕನನ್ನು ಜಗಲಿಯಲ್ಲಿ ಕೂರಿಸಿ, "ಸುಮ್ಮನೆ ತಿರುಗಿಸುತ್ತಾ ಇರು, ಮಾತಾಡಬೇಡ" ಎಂದರು. ಅವಳು ಬರೀ ಚರಕ ತಿರುಗಿಸಿದಳು. ದೊಡ್ಡ ಸಾಹೇಬರು ಸಂತೋಷಪಟ್ಟು ಅವಳನ್ನೇ ಕೇಳಿಬಿಟ್ಟರು: "ಇದರಿಂದ ನಿಮಗೆ ಏನು ಸಿಗುತ್ತದೆ?"

"ಗಾಳಿ ಸಿಗ್ತದೆ ಸ್ವಾಮಿ. ಸೆಕೆಗೆ ಒಳ್ಳೆದು ಉಂಟು."

ಸಾಹೇಬರು ನಕ್ಕರು. ಅವರು ನಕ್ಕದ್ದಕ್ಕೆ ನಮ್ಮ ಆಫೀಸರೂ ನಕ್ಕರು. ಮರುವಾರ ಅವಳ ಚರಕ ಹೊತ್ತು ತರಲು ನನ್ನನ್ನೇ ಕಳಿಸಿದರು. ಸರಕಾರಿ ಸೊತ್ತಿನ ದುರುಪಯೋಗವಂತೆ.

ಕುರ್ಚಿ

ಕೆಲವು ವರ್ಷ ಕಳೆದು ಅಕ್ಕನ ಕೈ ನಡುಗತೊಡಗಿತು. ಅಡಿಕೆ ಸುಲಿಯುವ ಕತ್ತಿಯ ಮುಂದೆ ಕೂರಲು ಅವಳಿಗೆ ಹೆದರಿಕೆ. ದಿಕ್ಕಿಲ್ಲದ ಮುದುಕರಿಗೆ ಸರಕಾರ ತಿಂಗಳಿಗಿಷ್ಟು ವೃದ್ಧಾಪ್ಯ ವೇತನ ಕೊಡುತ್ತದೆಂದು ಗೊತ್ತಾಗಿ ನಾನು ಅರ್ಜಿ ಹಾಕಿಸಿದೆ. ವಿಚಾರಣೆಗೆ ತಾಲೂಕು ಕಚೇರಿಯ ರೆವಿನ್ಯೂ ಇನ್ಸ್‌ಪೆಕ್ಟರು ಬಂದರು.

ಬರುವವರನ್ನು ನೆಲದಲ್ಲಿ ಕೂರಿಸುವುದು ಹೇಗೆ ಎಂದು ಅಕ್ಕ ನೆರೆಮನೆಯಿಂದ ಕುರ್ಚಿ ತಂದಿದ್ದಳು. ಹಾಲು, ಸಕ್ಕರೆಯೂ ಅಲ್ಲಿಯದ್ದೇ. ಇನ್ಸ್‌ಪೆಕ್ಟರು ಕುರ್ಚಿಯಲ್ಲಿ ಕೂತು ಕಾಫಿ ಕುಡಿದು, ಚೆನ್ನಾಗಿದೆ ಎಂದು ಇನ್ನೊಂದು ಲೋಟ ಕೇಳಿ ಕುಡಿದರು. ಅರ್ಜಿ ತಿರಸ್ಕಾರವಾಯಿತು. ಮನೆಯಲ್ಲಿ ಕುರ್ಚಿ ಇದೆ, ಸಕ್ಕರೆ ಕಾಫಿ ಕುಡಿಯುತ್ತಾರೆ, ಅನುಕೂಲಸ್ಥರು.

ನನಗೆ ಮೈಯೆಲ್ಲ ಉರಿಯಿತು. ಮತ್ತೆ ಅರ್ಜಿ ಹಾಕಿಸಿ, "ಈ ಸಲ ನೀರೂ ಕೊಡಬೇಡಿ ಅಕ್ಕ" ಎಂದೆ. ಅವಳು ಒಪ್ಪಿದಳು. ಇನ್ಸ್‌ಪೆಕ್ಟರು ಬಂದಾಗ ಹರಿದ ಚಾಪೆ ಹಾಸಿದಳು, ಒಲೆ ಹೊತ್ತಿಸಲಿಲ್ಲ. ಅವರು ಸುತ್ತ ನೋಡಿದರು.

"ಹೋದ ಸಲ ಕುರ್ಚಿ ಇತ್ತಲ್ಲ, ಎಲ್ಲಿ?"

"ಅದು ನೆರೆಮನೆಯದ್ದು."

"ಕಾಫಿ?"

"ಹಾಲು, ಸಕ್ಕರೆ ಅವರೇ ಕೊಟ್ಟದ್ದು."

ಅವರು ತಲೆಯಾಡಿಸಿ ಹೋದರು. ಅರ್ಜಿ ಮತ್ತೆ ತಿರಸ್ಕಾರ. ನೆರೆಯವರು ನೋಡಿಕೊಳ್ಳುತ್ತಿರುವುದರಿಂದ ದಿಕ್ಕಿಲ್ಲದವರಲ್ಲ ಎಂದು.

ಅದನ್ನು ಅವಳಿಗೆ ಓದಿ ಹೇಳಿದೆ. "ಇನ್ನೊಮ್ಮೆ ಹಾಕುವ ಅಕ್ಕ" ಎಂದೆ.

ಅಕ್ಕ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದಳು: "ಹಾಕು ಮಗ. ಈ ಸಲ ನಾನು ಸತ್ತಿದ್ದೇನೆ ಅಂತ ಬರಿ. ಅವರು ಬಂದು ನೋಡಿ, ಸುಳ್ಳು, ಬದುಕಿದ್ದಾಳೆ ಅಂತ ಬರೀತಾರೆ. ನಾನು ಬದುಕಿದ್ದೇನೆ ಅಂತ ಸರಕಾರಕ್ಕೆ ಹಾಗಾದರೂ ಗೊತ್ತಾಗ್ಲಿ."