ಸಾವಕಾರರು ಸ್ಟೇರಿಂಗ್ ಹಿಡಿದದ್ದು

ಮೋಟರು ಓಡಿಸುವ ಸುಖ ವರ್ಷ ವರ್ಷಕ್ಕೆ ಕಡಿಮೆಯಾಗುತ್ತದೆ. ಅದು ಎಲ್ಲಿ ಸೋರುತ್ತದೆ ಎಂಬುದು ನನಗೆ ಇನ್ನೂ ಪತ್ತೆಯಾಗಿಲ್ಲ. ಎಂಜಿನ್ನಿನಲ್ಲಿ ಹುಡುಕಿದ್ದೇನೆ, ಅಲ್ಲಿಲ್ಲ. ಮುಂಬೈ ಸರಕಾರದ ಕಾಲದಲ್ಲಿ ನಾನು ಬನಹಟ್ಟಿಯ ಒಬ್ಬ ಸೀರೆ ವ್ಯಾಪಾರಿಯ ಡ್ರೈವರನಾಗಿದ್ದೆ. ಸಾವಕಾರರು ಹಿಂದಿನ ಸೀಟು ಬಿಟ್ಟು ನನ್ನ ಬಾಜೂ ಕೂಡುತ್ತಿದ್ದರು. ದಾರಿ ನೋಡದೆ ನನ್ನ ಪಾದ ನೋಡುತ್ತಿದ್ದರು. ಅವರು ಓಡಿಸಲು ಕಲಿತರೆ ನನ್ನ ನೌಕರಿ ಮುಗಿದಂತೆ ಎಂಬುದು ನನ್ನ ಪಾದಗಳಿಗೂ ಗೊತ್ತಿತ್ತು.

ನಮಸ್ಕಾರ

ಸಂಸ್ಥಾನ ಹೋದ ಹೊಸದು. ನಮ್ಮ ಮೋಟರಿನ ಬಣ್ಣ ಅರಮನೆಯ ಮೋಟರಿನಂಥದೇ. ಹುನ್ನೂರಿನಲ್ಲಿ ಜನ ಕೆರವು ಬಿಟ್ಟು ಕೈ ಮುಗಿಯುತ್ತಿದ್ದರು. ಅದು ನನಗೆ ಎಂದು ನಾನೂ, ತಮಗೆ ಎಂದು ಸಾವಕಾರರೂ ತಿಳಿದು ಸುಖವಾಗಿದ್ದೆವು. ಒಂದು ದಿನ ಒಬ್ಬ ಮುದುಕ ರಸ್ತೆಯ ನಡುವೆ ನಿಂತು ಒಳಗೆ ಇಣುಕಿದ.

"ಒಳಗ ಯಾರ್ರೀ?"

"ಬನಹಟ್ಟಿ ಸಾವಕಾರ್ರು."

"ಹಾಂಗಾರ ಇಷ್ಟ ದಿನ ನಾ ಮಾಡಿದ ನಮಸ್ಕಾರ ತಿರುಗಿ ಕೊಡ್ರಿ."

ಸಾವಕಾರರು ಮರ್ಯಾದಸ್ಥರು. ಕೈ ಮುಗಿದರು.

"ಇದು ಒಂದ ಆತು" ಎಂದ ಮುದುಕ, ರಸ್ತೆ ಬಿಡದೆ.

ನೆರಳು

ಮೊದಲು ಹಾರನ್ ಹೊಡೆದರೆ ಕುರಿಗಳು ದಿಕ್ಕಾಪಾಲಾಗುತ್ತಿದ್ದವು; ಅದೂ ಒಂದು ಸುಖವೇ. ಕೆಲವು ವರ್ಷಗಳಲ್ಲಿ ಅವೂ ಶಾಣ್ಯಾ ಆದವು. ಬೀಳಗಿ ದಾರಿಯಲ್ಲಿ ಒಂದು ಮಧ್ಯಾಹ್ನ ಹಿಂಡು ಅಡ್ಡ ಬಂತು. ಗಿಡ ಎಂಬುದು ಕಣ್ಣಿಗೆ ಬೀಳದ ಬಯಲು. ನಾನು ಮೋಟರು ನಿಲ್ಲಿಸಿದ್ದೇ ತಡ, ಕುರಿಗಳೆಲ್ಲ ಅದರ ನೆರಳಿಗೆ ನುಗ್ಗಿದವು. ಕೆಲವು ಕೆಳಗೇ ಸೇರಿ ಮಲಗಿದವು. ಕುರುಬನು ತನ್ನ ದೇವರು ಬೀರೇಶ್ವರನನ್ನು ನೆನೆದು ತಾನೂ ಚಕ್ರಕ್ಕೆ ಒರಗಿದ.

"ಏಳೋ, ನಮಗ ಅವಸರ ಐತಿ" ಎಂದರು ಸಾವಕಾರರು.

"ಅವಸರ ಇದ್ದವರು ನಡಕೋತ ಹೋಗತಾರ್ರಿ" ಎಂದ ಅವನು, ಕಣ್ಣು ಮುಚ್ಚಿ.

ಹೊತ್ತು ಇಳಿಯುವವರೆಗೆ ಕೂತೆವು. ಸಾವಕಾರರ ಪ್ರಕಾರ ತಪ್ಪು ಬಿಸಿಲಿನದಲ್ಲ, ಕುರಿಯದಲ್ಲ, ನಿಲ್ಲಿಸಿದವನದು. "ನಾಳಿಂದ ನಾನ ಕಲೀತೇನಿ. ನೀನ ಕಲಿಸು" ಎಂದರು.

ಹೊಡತ

ನೇಣು ಬಿಗಿಯಲು ನಾನೇ ಹಗ್ಗ ಹೊಸೆದೆ. ಆದರೆ ಸಾವಕಾರರು ನೇಕಾರರ ಮನೆಯಲ್ಲಿ ಹುಟ್ಟಿ, ಅರ್ಧ ವಯಸ್ಸು ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕಳೆದವರು. ಮಗ್ಗಕ್ಕೆ ತುಳಿಯುವ ಹಲಗೆ ಎರಡೇ. ಒಂದು ಇಳಿದರೆ ಇನ್ನೊಂದು ಏಳಬೇಕು. ಎಡಗಾಲಿನ ಕ್ಲಚ್ಚು, ಬಲಗಾಲಿನ ಎಕ್ಸಿಲೇಟರು ಹಾಗೆಯೇ ಏಳತೊಡಗಿದವು, ಇಳಿಯತೊಡಗಿದವು. ನಡುವಿನ ಬ್ರೇಕು ಯಾರ ಪಾಲಿಗೂ ಬರಲಿಲ್ಲ. ಕೈ ಸುಮ್ಮನಿರುವುದೆ? ಲಾಳಿಯ ಹಗ್ಗ ಜಗ್ಗಿದಂತೆ, ತುಳಿತಕ್ಕೊಮ್ಮೆ ಹಾರನ್ನಿನ ಚೆಂಡು ಹಿಚುಕುತ್ತಿದ್ದರು. ಮೋಟರು ಜಿಗಿಯುತ್ತ, ಕೂಗುತ್ತ ಬಯಲಿನಲ್ಲಿ ಹೊರಟಿತು. ನೋಡಲು ನೇಕಾರರೆಲ್ಲ ಮಗ್ಗ ಬಿಟ್ಟು ಬಂದರು.

"ಹೊಡತ ಭಾಳ ಛಲೋ ಬೀಳಾಕತ್ತೈತ್ರೀ ಸಾವಕಾರ್ರ! ಒಂದ ಎಳಿ ಹರಿದಿಲ್ಲ!" ಎಂದು ಒಬ್ಬ ಮುದಿ ನೇಕಾರ ಕೂಗಿದ.

ಆಗ ಮೋಟರು ಜೋಳದ ಕಣಕಿಯ ಬಣವಿಗೆ ಹೊಕ್ಕು ನಿಂತಿತು.

"ಸೆರಗಿಗಿ ಬಂತ ನೋಡ್ರಿ" ಎಂದ ಅವನೇ, ಸೀರೆ ನೇಯ್ದು ಮುಗಿಸಿದವನ ಧಾಟಿಯಲ್ಲಿ.

ಮುಧೋಳ

ಆದರೂ ಹಟದವರು, ಕಲಿತರು. ಮಗನಿಗೆ ಹೆಣ್ಣು ನೋಡಲು ಮುಧೋಳಕ್ಕೆ ತಾವೇ ಓಡಿಸಿಕೊಂಡು ಹೊರಟರು. "ಇದೊಂದ ಸಲ ಬಾ, ಬರೂ ತಿಂಗಳಿಂದ ನೀ ಬ್ಯಾಡ" ಎಂದರು. ಬಾಜೂ ಕೂತರೆ ನಾನು ಬ್ರೇಕೆಂದು ಬರಿಯ ನೆಲವನ್ನೇ ತುಳಿಯುತ್ತೇನೆ, ಅವರಿಗೆ ಅಂಜಿಕೆಯಾಗುತ್ತದೆ ಎಂದು ನನ್ನನ್ನು ಹಿಂದೆ ಕೂಡಿಸಿದರು.

ಹೆಣ್ಣಿನ ಮನೆಯ ಓಣಿಗೆ ಮೋಟರು ಜಿಗಿಯುತ್ತ, ಕೂಗುತ್ತಲೇ ಹೊಕ್ಕಿತು. ಹೆಣ್ಣಿನ ತಂದೆ ನಮ್ಮಿಬ್ಬರನ್ನೂ ಹಿಂದೆ ಕಂಡವರಲ್ಲ. ಓಡಿ ಬಂದು ಹಿಂದಿನ ಬಾಗಿಲು ತೆಗೆದು, ನನ್ನ ಕಾಲಿಗೆ ನೀರು ಕೊಟ್ಟರು.

"ನಾ ಡ್ರೈವರ್ ಅದೀನ್ರಿ" ಎಂದೆ.

"ದೊಡ್ಡವರು ಹಿಂಗ ಸಣ್ಣಾಗಿ ಮಾತಾಡತಾರ" ಎಂದು ಅವರು ಹಿಗ್ಗಿದರು. ಆಮೇಲೆ ಸ್ಟೇರಿಂಗಿನ ಕಡೆ ಕಣ್ಣು ಮಾಡಿ, ನನ್ನ ಕಿವಿಯ ಬಳಿ ಬಂದು, ಓಣಿಗೆಲ್ಲ ಕೇಳುವಷ್ಟು ಮೆಲ್ಲಗೆ ಹೇಳಿದರು: "ಸಂಬಂಧ ನಮಗ ಒಪ್ಪಿಗಿ ಐತ್ರಿ. ಒಂದ ಮಾತು. ಆ ಡ್ರೈವರನ್ನ ಮೊದಲ ಬಿಡಸ್ರಿ. ಅವನ ಕೈಯಾಗ ನಮ್ಮ ಹುಡುಗೀನ್ನ ಕಳಸಾಕ ಧೈರ್ಯ ಆಗಂಗಿಲ್ಲ."

ಯಾರು ಯಾರೆಂದು ತಿಳಿದ ಮೇಲೆ ಮನೆಯೆಲ್ಲ ನಕ್ಕಿತು. ಸಾವಕಾರರು ಮಾತ್ರ ನಗಲಿಲ್ಲ. ಆದರೆ ಹೊಸ ಬೀಗರ ಮೊದಲ ಮಾತು ಮೀರುವವರೂ ಅವರಲ್ಲ. ಊರು ದಾಟಿದ ಮೇಲೆ ಮೋಟರು ನಿಲ್ಲಿಸಿ, ಆ ಡ್ರೈವರನನ್ನು ಅಲ್ಲೇ ನೌಕರಿಯಿಂದ ತೆಗೆದು, ಸ್ಟೇರಿಂಗು ನನಗೆ ಬಿಟ್ಟು, ತಾವು ಹಿಂದೆ ಹೋಗಿ ಕೂತರು.