ನೂಡಲ್ಸಿಗೆ ಅಳತೆ ತೆಗೆದ ಕಾಕಾ

ಭಾಲ್ಕಿಯ ತರಕಾರಿ ಸಂತೆಯಲ್ಲಿ ಯಾರಾದರೂ ಸೌತೆಕಾಯಿಗೆ ಟೇಪು ಸುತ್ತಿ ಅದರ ಸೊಂಟದ ಅಳತೆ ತೆಗೆಯುತ್ತಿರುವುದು ಕಂಡರೆ, ದೊಡ್ಡ ಕೃಷಿ ಪಂಡಿತರಿರಬೇಕೆಂದು ದಾರಿ ಬಿಟ್ಟು ಕೈ ಮುಗಿಯಬೇಡಿ. ಅವರು ನಮ್ಮ ಕಾಕಾ! ಅಪ್ಪನ ಬೆನ್ನಿಗೆ ಹುಟ್ಟಿದವರು, ಕಸುಬಿನಿಂದ ದರ್ಜಿ. ಮೂವತ್ತು ವರ್ಷಗಳಿಂದ ಸುತ್ತಲಿನ ಊರುಗಳ ಮದುಮಕ್ಕಳಿಗೆ ಶೇರ್ವಾನಿ ಹೊಲಿದು ಕೊಟ್ಟವರು. ಮನುಷ್ಯರ ಅಳತೆ ತೆಗೆದು ತೆಗೆದು ಬೇಸರವಾಗಿ ಕಾಯಿಪಲ್ಯಕ್ಕೆ ಇಳಿದರೇ ಎಂದು ನೀವು ಕೇಳಬಹುದು. ಹಾಗಲ್ಲ. ಅವರು ಡಯಟ್ ಮಾಡುತ್ತಿದ್ದರು.

ಲೋಕದಲ್ಲಿ ಡಯಟ್ ಮಾಡುವವರು ಅನ್ನ ಬಿಡುತ್ತಾರೆ, ಸಕ್ಕರೆ ಬಿಡುತ್ತಾರೆ, ಬಿಟ್ಟು ಸಪ್ಪೆ ಮುಖ ಮಾಡಿಕೊಂಡು ಕೂರುತ್ತಾರೆ. ಕಾಕಾ ಹಾಗೆ ಕೂರುವವರಲ್ಲ. ಬಿಟ್ಟದ್ದಕ್ಕೆ ಬದಲಿ ಹುಡುಕಲು ಹೊರಟರು. ಅದೂ ಎಂಥದಕ್ಕೆ? ನೂಡಲ್ಸಿಗೆ! ಇದರಲ್ಲೇನು ವಿಶೇಷ ಅನ್ನಬೇಡಿ. ಕಾಕಾ ಹುಟ್ಟಿದಾಗಿನಿಂದ ನೂಡಲ್ಸ್ ಬಾಯಿಗಿಟ್ಟವರಲ್ಲ. ಸಂಜೆ ಚೈನೀಸ್ ಬಂಡಿಯ ಮುಂದೆ ಹಾಯುವಾಗ, "ಉಲನ್ ದಾರಕ್ಕ ಒಗ್ಗರಣಿ ಹಾಕ್ಕೊಂಡು ತಿಂತಾರ ನೋಡು ಮಂದಿ" ಎಂದು ಮುಖ ತಿರುಗಿಸುತ್ತಿದ್ದವರು. ಅವರ ಪ್ರಾಣವೆಲ್ಲ ಗೋಧಿ ಹುಗ್ಗಿಯಲ್ಲಿ, ಹುಗ್ಗಿಯ ನಡುವೆ ಬಾವಿ ತೋಡಿ ತುಂಬಿದ ತುಪ್ಪದಲ್ಲಿ. ತಿನ್ನದೇ ಇದ್ದ ಪದಾರ್ಥಕ್ಕೆ ಬದಲಿ ಹುಡುಕುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಡಯಟ್ ಘೋಷಣೆಯಾದ ಭಾನುವಾರ ನಾನು ಅಲ್ಲೇ ಇದ್ದೆ. ನಾನು ಬೀದರಿನ ಒಂದು ಶಾಲೆಯಲ್ಲಿ ಪಾಠ ಹೇಳುವವಳು. ರಜೆ ಸಿಕ್ಕರೆ ಭಾಲ್ಕಿಯ ಬಸ್ಸು ಹತ್ತುತ್ತೇನೆ. ಕಾಕಾನ ಮಗಳು ಮದುವೆಯಾಗಿ ಕಮಲನಗರ ಸೇರಿದ ಮೇಲೆ ಮನೆಯಲ್ಲಿ ಕಾಕಾ, ಅವರ ಹೆಂಡತಿ ಕಾಕು ಇಬ್ಬರೇ. ಮುಂದಿನ ಕೋಣೆ ಅಂಗಡಿ, ಹಿಂದಿನದು ಅಡುಗೆಮನೆ. ಅಂದು ಕಾಕಾ ಕೊರಳಲ್ಲಿ ಟೇಪು ಹಾಕಿಕೊಂಡೇ ಅಡುಗೆಮನೆಗೆ ಬಂದು ನಿಂತರು.

"ಇವತ್ತಿಂದ ನನಗ ಅನ್ನ, ಸಕ್ರಿ, ಮೈದಾ ಮೂರೂ ಬಂದ್. ಸಕ್ರಿ ಬ್ಯಾನಿ ಶುರು ಆಗ್ಯಾದ."

ಕಾಕುವಿನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಅಯ್ಯ ಶಿವನೇ! ಯಾವಾಗ ತೋರಿಸ್ಕೊಂಡು ಬಂದ್ರಿ?"

"ನಿನ್ನಿ. ಅಂಜಬ್ಯಾಡ. ನಾ ಏನು ತಿಂತೀನೋ ನೀನೂ ಅದೇ ತಿನ್ನು. ಇಬ್ಬರ ಮನಿಗಿ ಎರಡು ಅಡಿಗಿ ಬ್ಯಾಡ."

"ನನ್ನ ಸುದ್ದಿ ಬಿಡ್ರಿ. ನಿಮಗೇನು ಮಾಡ್ಲಿ ಹೇಳ್ರಿ."

"ನೂಡಲ್ಸ್."

"ಏನ್ರಿ? ಉಲನ್ ದಾರಾ?"

"ಮೈದಾದ್ದಲ್ಲ. ಕಾಯಿಪಲ್ಯಾದ್ದು. ನಾನೇ ಮಾಡ್ತೇನಿ, ಸರಿ ಅತ್ತ!"

ಮೂವತ್ತು ವರ್ಷ ಒಂದು ಲೋಟ ನೀರನ್ನೂ ಕೈಯಾರೆ ತುಂಬಿಕೊಳ್ಳದಿದ್ದ ಗಂಡಸು ಒಲೆಯ ಮುಂದೆ ನಿಂತರು. ಕಾಕು ನನ್ನ ಮುಖ ನೋಡಿದರು, ನಾನು ಕಾಕುವಿನ ಮುಖ ನೋಡಿದೆ. ಸಕ್ಕರೆ ಕಾಯಿಲೆ ತಲೆಗೂ ಏರುತ್ತದೆಯೇ?

ಮೊದಲ ಪ್ರಯೋಗ ಸೌತೆಕಾಯಿಯದು. ಚಾಕು ಮುಟ್ಟಲಿಲ್ಲ. ಹೊಸದೊಂದು ಕತ್ತರಿಯನ್ನು ಬಿಸಿನೀರಲ್ಲಿ ತೊಳೆದು, ಅಂಚು ಹಿಡಿದು ಬಟ್ಟೆ ಕತ್ತರಿಸುವಂತೆ, ಒಂದೇ ಅಗಲದ ಪಟ್ಟಿಗಳನ್ನು ಕತ್ತರಿಸಿದರು. ನೋಡಲು ಕಣ್ಣಿಗೆ ಹಬ್ಬ! ಬಾಣಲೆಗೆ ಬಿದ್ದ ಎರಡೇ ನಿಮಿಷಕ್ಕೆ ಎಲ್ಲ ನೀರು ಬಿಟ್ಟುಕೊಂಡು ಸಾರಾಯಿತು. ಬೇರೆ ಯಾರಾದರೂ ಆಗಿದ್ದರೆ ಕೈಚೆಲ್ಲುತ್ತಿದ್ದರು. ಕಾಕಾ ಮಾತ್ರ ಹಣೆ ಬಡಿದುಕೊಂಡು, "ತಪ್ಪಾಯ್ತು ಅವ್ವಾ. ಹೊಲಿಯೂಕಿಂತ ಮೊದಲೇ ನೀರಿಗಿ ಹಾಕಿ ಒಣಗಿಸಬೇಕಿತ್ತು. ಇಲ್ಲಂದ್ರ ಯಾವ ಬಟ್ಟಿನೂ ಕುಗ್ಗತದ!" ಎಂದರು.

ಮರುವಾರ ಹೋದಾಗ ಅಂಗಳದ ತಂತಿಯ ಮೇಲೆ ಬಿಳಿ ಪಂಚೆ ಹಾಸಿ, ಅದರ ಮೇಲೆ ಉಪ್ಪು ಹಚ್ಚಿ ಹಿಂಡಿದ ಸೌತೆಕಾಯಿ ಪಟ್ಟಿಗಳನ್ನು ಸಾಲಾಗಿ ತೂಗುಹಾಕಿದ್ದರು. ರವಿಕೆ ಹೊಲಿಯಲು ಕೊಡಬಂದ ಹೆಣ್ಣುಮಗಳೊಬ್ಬಳು ಅದನ್ನು ಮುಟ್ಟಿ ನೋಡಿ, "ಈ ಹಸಿರು ಲೇಸ್ ಹ್ಯಾಂಗ ಮೀಟರ್ ರೀ?" ಎಂದು ಕೇಳಿದಳು!

ಆಮೇಲೆ ಹಸಿ ಪಪ್ಪಾಯಿ ಬಂತು, ಹೋಯಿತು. ಯಾವುದೋ ಗಡ್ಡೆಯಿಂದ ಮಾಡಿದ ಜಪಾನಿ ನೂಡಲ್ಸ್ ಆನ್‌ಲೈನಿನಲ್ಲಿ ಬಂತು. ನೀರು ತುಂಬಿದ ಪಾಕೀಟಿನಲ್ಲಿ ಮೀನುಮರಿಗಳಂತೆ ತೇಲುತ್ತಿತ್ತು. ಕಾಕಾ ಒಂದೆಳೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದರು. ಬಿಟ್ಟರು. ಅದು ಚಟ್ಟನೆ ಮೊದಲಿನಂತಾಯಿತು.

"ಇದು ಹೊಟ್ಟಿಗಿ ಹಾಕೂದಲ್ಲ ಅವ್ವಾ," ಎಂದರು ಗಂಭೀರವಾಗಿ. "ಹೊಟ್ಟಿ ಮ್ಯಾಲ ಹಾಕೂದು. ಚಡ್ಡಿ ಇಲಾಸ್ಟಿಕ್."

ಕೊನೆಗೆ ಗೆದ್ದದ್ದು ಎಲೆಕೋಸು. ಕೂದಲೆಳೆಯಂತೆ ಉದ್ದುದ್ದ ಕತ್ತರಿಸಿ, ಜೋರು ಉರಿಯಲ್ಲಿ ಬೆಳ್ಳುಳ್ಳಿ, ಕಾಳುಮೆಣಸು, ನಾಲ್ಕು ಹನಿ ವಿನೆಗರ್ ಹಾಕಿ ಎರಡೇ ಸುತ್ತು ಕೈಯಾಡಿಸಿ ಇಳಿಸಿದರು. ಕಾಕು ಹೆದರುತ್ತಲೇ ಒಂದು ತುತ್ತು ತಿಂದರು. ಆಮೇಲೆ ಸುಮ್ಮನೆ ತಟ್ಟೆಯನ್ನು ಮತ್ತೊಮ್ಮೆ ಮುಂದೆ ಹಿಡಿದರು. ಆಗ ಕಾಕಾನ ಮುಖ ನೋಡಬೇಕಿತ್ತು! ಮೊದಲ ಟ್ರಯಲ್ಲಿಗೇ ಶೇರ್ವಾನಿ ಮೈಗೆ ಹೊಂದಿದಾಗಲೂ ಆ ಮುಖ ಅಷ್ಟು ಅರಳಿದ್ದಿಲ್ಲ. ಹೊಸ ಅಡುಗೆಯವರ ಜಂಬ ಅಂದುಕೊಂಡೆ ನಾನು.

ಮೂರನೆಯ ವಾರಕ್ಕೆ ಕಾಲು ಮುಷ್ಕರ ಹೂಡಿತು.

ಔರಾದದ ಒಬ್ಬ ಮದುಮಗ ಶೇರ್ವಾನಿಯ ಟ್ರಯಲ್ಲಿಗೆ ಬಂದು ಎದುರಿಗೆ ಕೂತಿದ್ದ. ತೋಳಿನ ಅಂಚು ಮಡಿಸಿ ಹೊಲಿಯುವುದೊಂದು ಬಾಕಿ. ಕಾಕಾ ಕಾಲಲ್ಲಿ ತುಳಿಯುವ ಹಳೆಯ ಮಶೀನಿನ ಮೇಲೆ ಕೂತಿದ್ದಾರೆ. ಇದ್ದಕ್ಕಿದ್ದಂತೆ ಮೀನಖಂಡ ಹಿಡಿದುಕೊಂಡಿತು! ಕಾಲು ಕಲ್ಲಾಗಿ, ತನ್ನಷ್ಟಕ್ಕೆ ತಾನೇ ಪೆಡಲನ್ನು ಝಾಡಿಸತೊಡಗಿತು. "ಅವ್ವೋ, ಅಪ್ಪೋ" ಎಂದು ಕಾಕಾ, ಟಕಟಕ ಎಂದು ಮಶೀನು. ಎಲ್ಲ ತಣ್ಣಗಾದ ಮೇಲೆ ಮದುಮಗ ಶೇರ್ವಾನಿ ತೊಟ್ಟ. ಬಲಗೈ ಹೊರಗೆ ಬಂತು. ಎಡಗೈ ಒಳಗೇ ಉಳಿಯಿತು. ತೋಳಿನ ಬಾಯಿ ಚೀಲದಂತೆ ಹೊಲಿದುಹೋಗಿತ್ತು!

"ಕಾಕಾ, ಕೈ ಹೊರಗ ಬರವಲ್ದರಿ!"

ಕಾಕಾ ಕಾಲು ತಿಕ್ಕಿಕೊಳ್ಳುತ್ತಲೇ ಹೇಳಿದರು: "ಇರ್ಲಿ ಬಿಡಪ್ಪ. ಮದಿವಿ ಆದ ಮ್ಯಾಲ ಹ್ಯಾಂಗೂ ಕೈ ಕಟ್ಟೇ ಹಾಕ್ತಾರ. ಈಗಿಂದೇ ರೂಢಿ ಆಗ್ಲಿ."

ಅಲ್ಲಿಂದ ದಿನಕ್ಕೆರಡು ಸಲ ಸೆಳೆತ. ಪಕ್ಕದ ಕಿರಾಣಿ ಅಂಗಡಿಯ ಚಾಚಾ ಬಂದು, ಸೆಳೆತಕ್ಕೆ ಕಬ್ಬಿಣವೇ ಮದ್ದೆಂದು ತಮ್ಮ ಅಂಗಡಿಯ ಕೀಲಿಕೈಯನ್ನೇ ಕಾಲಡಿ ಇಟ್ಟರು. ಸೆಳೆತ ಹೋಗಲಿಲ್ಲ, ಚಾಚಾನ ಅಂಗಡಿ ಸಂಜೆಯವರೆಗೆ ತೆರೆಯಲಿಲ್ಲ. ಕೊನೆಗೆ ನಾನು ಕಾಕಾನನ್ನು ಬೀದರಿಗೆ ಕರೆದುಕೊಂಡು ಹೋಗಿ ನಮ್ಮ ಪರಿಚಯದ ಡಾಕ್ಟರಮ್ಮನ ಮುಂದೆ ನಿಲ್ಲಿಸಿದೆ. ಮೊದಲು ನನ್ನನ್ನು ಹೊರಗೆ ಕೂರಿಸಿ ಅದೇನೋ ಗುಟ್ಟು ಮಾತಾಡಿಕೊಂಡರು. ಆಮೇಲೆ ಒಳಗೆ ಕರೆದರು.

"ಉಪ್ಪು ತಿಂತೀರೇನ್ರಿ?" ಡಾಕ್ಟರಮ್ಮ ಕೇಳಿದರು.

"ರೊಟ್ಟಿ ಬಿಟ್ಟಾಗ ಅದನ್ನೂ ಬಿಟ್ಟೀನ್ರಿ."

"ನೀರು?"

"ಕಮ್ಮಿ ಮಾಡೀನ್ರಿ. ನೀರು ಕುಡಿದ್ರ ತೂಕ ಏರ್ತದಲ್ರಿ."

"ಅನ್ನ, ರೊಟ್ಟಿ, ಉಪ್ಪು, ನೀರು ಎಲ್ಲಾ ಬಿಟ್ಟು ಇನ್ನ ಏನು ಉಳಿಸ್ಕೊಂಡೀರಿ?"

"ಮಶೀನೊಂದು ಉಳದದ್ರಿ."

ಡಾಕ್ಟರಮ್ಮ ನಕ್ಕು, ಆಮೇಲೆ ಚೆನ್ನಾಗಿ ಬೈದರು. ಅನ್ನ ರೊಟ್ಟಿ ಒಮ್ಮೆಲೇ ಬಿಟ್ಟರೆ ಮೈಯೊಳಗಿನ ನೀರು, ಉಪ್ಪು ಎರಡೂ ಸೋರಿಹೋಗುತ್ತವೆ, ಕಾಲು ಹಿಡಿಯದೆ ಇನ್ನೇನು ಮಾಡುತ್ತದೆ? ಬಿ.ಪಿ. ಇಲ್ಲದ್ದರಿಂದ ತೆಳು ಮಜ್ಜಿಗೆಗೆ ಚಿಟಿಕೆ ಉಪ್ಪು ಹಾಕಿ ಕುಡಿಯಬೇಕು. ನೀರು ಬಿಡಬಾರದು. ದಿನಾ ಪಾಲಕ, ಮೆಂತೆ ಸೊಪ್ಪು, ಒಂದು ಹಿಡಿ ಶೇಂಗಾ. ಒಂದು ಜೋಳದ ರೊಟ್ಟಿ ತಿಂದರೆ ಆಕಾಶ ಬೀಳುವುದಿಲ್ಲ. ಗಂಟೆಗೊಮ್ಮೆ ಮಶೀನು ಬಿಟ್ಟೆದ್ದು, ಗೋಡೆಗೆ ಎರಡೂ ಅಂಗೈ ಊರಿ, ಒಂದು ಕಾಲು ಹಿಂದೆ ಚಾಚಿ, ಹಿಮ್ಮಡಿ ನೆಲಕ್ಕೆ ಒತ್ತಿ ನಿಲ್ಲಬೇಕು. ಕಾಲು ಹಿಡಿದಾಗಲೂ ಅದೇ ಮದ್ದು. ಮುಂದಿನ ತಿಂಗಳು ಗಂಡ ಹೆಂಡತಿ ಇಬ್ಬರೂ ರಕ್ತ ಪರೀಕ್ಷೆ ಮಾಡಿಸಬೇಕು.

ಗೋಡೆ ನೂಕುವ ವ್ಯಾಯಾಮ ಕಾಕಾನಿಗೆ ಬಹಳ ಹಿಡಿಸಿತು. ಗೋಡೆ ಇಲ್ಲದ ಕಡೆ ಏನು ಮಾಡಬೇಕೆಂದು ಮಾತ್ರ ಡಾಕ್ಟರಮ್ಮ ಹೇಳಿರಲಿಲ್ಲ.

ಔರಾದ ಕಾಕುವಿನ ತವರೂರು. ಆ ಮದುಮಗನ ಮದುವೆಗೆ ನಾವು ಮೂವರೂ ಹೋಗಿದ್ದೆವು. ಈ ಸಲ ಅವನ ಎರಡೂ ಕೈ ಹೊರಗೆ ಬಂದಿದ್ದವು. ಊಟ ಮುಗಿಸಿ ಬಸ್‌ಸ್ಟ್ಯಾಂಡಿಗೆ ಬಂದೆವು. ಬಸ್ಸು ನಿಂತಿತ್ತು, ಡ್ರೈವರ್ ಚಹಾ ಕುಡಿಯುತ್ತಿದ್ದ. ಕಾಕಾನ ಮೀನಖಂಡ ಮೆಲ್ಲಗೆ ಎಳೆಯತೊಡಗಿತು. ಅವರು ಆಚೀಚೆ ನೋಡಿದರು, ಗೋಡೆ ಕಾಣಲಿಲ್ಲ. ಸೀದಾ ಹೋಗಿ ಬಸ್ಸಿನ ಬೆನ್ನಿಗೆ ಎರಡೂ ಕೈ ಊರಿ, ಕಾಲು ಹಿಂದೆ ಚಾಚಿ, ಹಲ್ಲು ಕಚ್ಚಿ ನೂಕುತ್ತ ನಿಂತರು.

ದೊಡ್ಡ ರುಮಾಲಿನ ಯಜಮಾನರೊಬ್ಬರು ಹತ್ತಿರ ಬಂದು ಕೇಳಿದರು: "ಯಾಕ್ರಿ, ಏನಾಯ್ತು?"

"ಹಿಡ್ಕೊಂಡದರಿ..." ಎಂದು ನರಳಿದರು ಕಾಕಾ.

ಯಜಮಾನರಿಗೆ ಅಷ್ಟೇ ಸಾಕಾಯಿತು. "ಏ, ಬರ್ರಿ ಇಲ್ಲಿ! ಇಂಜಿನ್ ಹಿಡ್ಕೊಂಡದಂತ! ಪಾಪ, ಒಬ್ಬರೇ ನೂಕ್ಲಾಕತ್ತಾರ!" ನೋಡನೋಡುತ್ತಿದ್ದಂತೆ ಆರು ಜನ ಬಸ್ಸಿಗೆ ಹೆಗಲು ಕೊಟ್ಟರು. ಕಂಡಕ್ಟರ್ ಚಹಾ ಚೆಲ್ಲಿಕೊಂಡು ಓಡಿಬಂದ.

"ಏನ್ ಮಾಡ್ಲಾಕತ್ತೀರಿ? ಗಾಡಿ ಚೊಲೋನೇ ಅದ!"

ರುಮಾಲಿನ ಯಜಮಾನರು ಬೆವರು ಒರೆಸಿಕೊಂಡು ಅಂದರು: "ಈಗ ಚೊಲೋ ಆಗ್ಯಾದ. ನಾವು ನೂಕಿದ ಮ್ಯಾಲ!"

ಬಸ್ಸಿನಲ್ಲಿ ಕೂತು ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಾಕಾನೂ ನಕ್ಕರು. ಕಾಕು ಮಾತ್ರ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ಕಿಟಕಿಯ ಹೊರಗೆ ನೋಡುತ್ತಿದ್ದರು. ನಾನು ಆಗ ಅದನ್ನು ಅಷ್ಟಾಗಿ ಗಮನಿಸಲಿಲ್ಲ.

ಮುಂದಿನ ತಿಂಗಳು ಇಬ್ಬರೂ ಬೀದರಿಗೆ ಬಂದು ರಕ್ತ ಕೊಟ್ಟು ಹೋದರು. ರಿಪೋರ್ಟು ತರುವ ಕೆಲಸ ನನ್ನದು. ಎರಡು ಲಕೋಟೆ ಹಿಡಿದು ಡಾಕ್ಟರಮ್ಮನ ಬಳಿ ಹೋದೆ. ಅವರು ಕಾಕಾನದನ್ನು ಒಂದು ಕ್ಷಣ ನೋಡಿ ಪಕ್ಕಕ್ಕಿಟ್ಟರು. ಕಾಕುವಿನದನ್ನು ಎರಡು ಸಲ ಓದಿ, "ಭಾಳ ಚೊಲೋ ಆಗ್ಯಾದ. ಸಕ್ಕರೆ ಇಳಿದದ. ಇದೇ ಊಟ ಮುಂದುವರಿಸಲಿ ಅನ್ರಿ" ಎಂದರು.

"ಸಕ್ಕರೆ ಇರೋದು ಕಾಕಾನಿಗಲ್ಲೇನ್ರಿ?"

"ಅವರಿಗಿ ಯಾವಾಗ ಇತ್ರಿ? ಇರೋದು ಅವರ ಹೆಂಡತಿಗಿ."

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೇ ಕಾಕಾನಿಗೆ ಫೋನು ಹಚ್ಚಿದೆ. ಡಾಕ್ಟರಮ್ಮ ಹೇಳಿದ್ದನ್ನು ಹೇಳಿದೆ. ಮಶೀನಿನ ಸದ್ದು ನಿಂತಿತು.

"ಏನು ಮಾಡ್ಲಿ ಅವ್ವಾ? ಮೊದಲೇ ಇಲ್ಲಿ ಭಾಲ್ಕಿ ಡಾಕ್ಟರು ಆಕಿಗಿ ಮುಖಕ್ಕ ಮುಖಾ ಕೊಟ್ಟು ಹೇಳಿದ್ರು, ಅನ್ನ ಬಿಡು, ನೂಡಲ್ಸ್ ಬಿಡು ಅಂತ. ನಮ್ಮಾಕಿಗಿ ಆ ಬಂಡಿ ನೂಡಲ್ಸ್ ಅಂದ್ರ ಜೀವ. ಯಾರಿಗೂ ಹೇಳಬ್ಯಾಡ್ರಿ ಅಂದ್ಲು. ನಿನಗಷ್ಟೇ ಬ್ಯಾರೆ ಏನರೆ ಮಾಡ್ಕೋ ಅಂದ್ರ, 'ನನಗೊಬ್ಬಾಕಿಗೇನು ಬ್ಯಾರೆ ಅಡಿಗಿ? ಉಳದದ್ದು ತಿಂದ್ರ ಆಯ್ತು' ಅಂತಾಳ. ಒಂದು ತಿಂಗಳು ಬೇಡ್ಕೊಂಡೆ, ಕೇಳ್ಲಿಲ್ಲ. ನನಗ ಬ್ಯಾನಿ ಅದ ಅಂದ ದಿನಾನೇ ಅಡಿಗಿಮನಿ ಬದಲಾಯ್ತು ನೋಡು. ನಂದು ಇನ್ನೂ ಇಳಿದಿಲ್ಲ ಅಂತನೇ ಹೇಳು ಆಕಿಗಿ. ನಿನ್ನ ಕೈ ಮುಗೀತೇನಿ."

ಸುಳ್ಳು ಹೇಳಬೇಕೆಂದೇ ಭಾನುವಾರ ಭಾಲ್ಕಿಗೆ ಹೋದೆ. ಕಾಕು ನನ್ನನ್ನು ಅಡುಗೆಮನೆಗೆ ಎಳೆದೊಯ್ದು ಬಾಗಿಲು ಮುಂದೆ ಮಾಡಿದರು. ನನ್ನ ಎರಡೂ ಕೈ ಹಿಡಿದುಕೊಂಡರು.

"ಖರೆ ಹೇಳವ್ವ. ಅವರಿಗಿ ಏನೂ ಆಗಲ್ಲಲ್ಲ? ಕಾಲು ಹಂಗ ಹಿಡೀಲಾಕತ್ತಾವ. ಅವತ್ತು ಬಸ್ಸಿನಾಗ ನೀವಿಬ್ಬರೂ ನಕ್ರಿ, ನನ್ನ ಎದಿ ನಡುಗಲಾಕತ್ತಿತ್ತು. ಸೋಮವಾರ ಸೋಮವಾರ ನಿಟ್ಟುಪವಾಸ ಹಿಡದೀನಿ. ಅವರಿಗಿ ಗೊತ್ತಿಲ್ಲ."

ಸಕ್ಕರೆ ಕಾಯಿಲೆಯವರು, ಇಡೀ ದಿನ ಉಪವಾಸ! ಗಂಡನಿಗೆ ಇಲ್ಲದ ಕಾಯಿಲೆ ವಾಸಿಯಾಗಲೆಂದು! ಇನ್ನು ಸುಳ್ಳು ಹೇಳುವುದು ಹೇಗೆ? ಎಲ್ಲ ಹೇಳಿಬಿಟ್ಟೆ.

ಕಾಕು ಒಲೆ ಆರಿಸಿ ಮಣೆಯ ಮೇಲೆ ಕೂತರು. ಸಿಟ್ಟು ಬಂದಿತ್ತೆಂದು ಕಾಣುತ್ತದೆ, ಮೂಗು ಕೆಂಪಾಗಿತ್ತು. "ಇಷ್ಟು ದಿನ ನನಗ ಅಂಜಿಸಿದ್ರಲ್ಲ..." ಎಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ಕಾಲು ಹಿಡ್ಕೊಂಡು ಒದ್ದಾಡಿದ್ದೂ ನನ್ನ ಸಲುವಾಗೇ ಏನು?"

ನಾನು ಹೌದೆಂದು ತಲೆಯಾಡಿಸಿದೆ. ಕಾಕು ಎದ್ದು ಮುಖ ತೊಳೆದುಕೊಂಡು, ನೆಲುವಿನಲ್ಲಿದ್ದ ಗೋಧಿಯ ಡಬ್ಬಿ ಇಳಿಸಿದರು.

ಊಟಕ್ಕೆ ಕೂತ ಕಾಕಾನ ಮುಂದೆ ಆವಿಯಾಡುವ ಹುಗ್ಗಿಯ ತಟ್ಟೆ ಬಂತು. ಕಾಕು ನಡುವೆ ಕುಳಿ ಮಾಡಿ ಎರಡು ಚಮಚ ತುಪ್ಪ ಹಾಕಿದರು.

"ಇದೇನು? ನನಗ ಬ್ಯಾನಿ ಅದಲ್ಲ?" ಎಂದರು ಕಾಕಾ ಗಾಬರಿಯಾಗಿ.

"ನಿಮಗೇನೂ ಇಲ್ಲ. ಸುಮ್ಮ ತಿನ್ರಿ."

ಕಾಕಾ ನನ್ನ ಕಡೆ ನೋಡಿದರು. ನಾನು ನೀರಿನ ತಂಬಿಗೆಯನ್ನು ನೋಡಿದೆ. ಅಷ್ಟರಲ್ಲಿ ಕಾಕು ಒಳಗೆ ಹೋಗಿ ಮತ್ತೊಂದು ತಟ್ಟೆ ತಂದರು. ಬಿಸಿಬಿಸಿ ಎಲೆಕೋಸಿನ ನೂಡಲ್ಸು, ಪಕ್ಕದಲ್ಲಿ ಪಾಲಕದ ಪಲ್ಯ, ಒಂದು ಲೋಟ ಮಜ್ಜಿಗೆ. ನನಗೆ ಬಡಿಸುತ್ತಾರೆಂದು ತಿಳಿದು ನಾನು ಕೈ ಚಾಚಿದೆ. ಅವರು ಕೊಡಲಿಲ್ಲ. ಗಂಡನ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು.

"ನೀ ಹುಗ್ಗಿ ತಿನ್ನವ್ವ," ಎಂದರು. "ಇದು ನಂದು. ನನಗೊಬ್ಬಾಕಿಗೇ ಬ್ಯಾರೆ ಮಾಡ್ಕೊಂಡೀನಿ."

ಕಾಕಾ ತಲೆ ತಗ್ಗಿಸಿ, ಆಗಲೇ ಕಲೆತುಹೋಗಿದ್ದ ಹುಗ್ಗಿಯನ್ನು ಮತ್ತೆ ಮತ್ತೆ ಕಲೆಸುತ್ತ ಕೂತರು.