ಮೇಷ್ಟ್ರ ಮೀನಿಗೆ ಮೀಸೆ

ದೊಡ್ಡಬಳ್ಳಾಪುರದ ಡ್ರಿಲ್ ಮೇಷ್ಟ್ರು ಭೀಮರಾಜ್ ಒಂದು ಸೀಟಿ ಊದಿದರೆ ಮುನ್ನೂರು ಮಕ್ಕಳು ಸಾಲಾಗಿ ನಿಲ್ಲುತ್ತಿದ್ದರು. ಅವರ ಮನೆಯ ಗಾಜಿನ ತೊಟ್ಟಿಯಲ್ಲಿದ್ದ ನಾಲ್ಕು ಮೀನುಗಳು ಮಾತ್ರ ಅವರಿಗೆ ಸೊಪ್ಪು ಹಾಕುತ್ತಿರಲಿಲ್ಲ.

ತೂಬಗೆರೆ ಕಡೆಯ ಹಳ್ಳದಿಂದ ತಂದ ಮೀನುಗಳವು. ಬೆರಳುದ್ದ, ಮೈತುಂಬ ಪಟ್ಟೆ, ಬಾಯಿಯ ಸುತ್ತ ಎಳೆ ಮೀಸೆ. ತಳ ಬಿಟ್ಟು ಮೇಲೆ ಬರುವ ಜಾತಿಯೇ ಅಲ್ಲ. ಮರಳಿನೊಳಕ್ಕೆ ನುಗ್ಗಿದರೆ ಮುಗಿಯಿತು. ಆದರೂ ಮೇಷ್ಟ್ರಿಗೆ ಅವುಗಳ ಮೇಲೆ ಪ್ರಾಣ. ಸಂಜೆ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು, ಕಾಣದ ಮೀನನ್ನು ನೋಡುತ್ತಾ ಕಾಫಿ ಕುಡಿಯುವುದೇ ಅವರಿಗೆ ಸ್ವರ್ಗ.

ಹೆಂಡತಿ ಮಮತಳಿಗೆ ಅದೇ ಜಾಗ ಹೊಲಿಗೆ ಮಿಷನ್ನಿಗೆ ಬೇಕಿತ್ತು. ಭಾನುವಾರ ಬೆಳಿಗ್ಗೆ ತೀರ್ಪು ಕೊಟ್ಟೇಬಿಟ್ಟಳು.

“ಎಂಟು ದಿನದಿಂದ ಒಂದು ಬಾಲಾನೂ ಕಂಡಿಲ್ಲ ರೀ. ಕಣ್ಣಿಗೆ ಕಾಣ್ದೇ ಇರೋದನ್ನ ನಾನ್ಯಾಕೆ ನಂಬ್ಲಿ? ಮಧ್ಯಾಹ್ನದೊಳಗೆ ತೋರ್ಸಿ, ಇಲ್ಲಾಂದ್ರೆ ತೊಟ್ಟಿ ಆಚೆಗೆ!”

ಪೇಪರ್ ಓದಲು ಬಂದಿದ್ದ ಪಕ್ಕದ ಮನೆಯ ಸಂಜೀವಪ್ಪ ಗಾಜಿಗೆ ಮೂಗು ಒತ್ತಿದರು. “ಏನ್ ಮೇಷ್ಟ್ರೇ, ಕಲ್ಲು ಸಾಕ್ಕೊಂಡಿದೀರಾ? ಕಡ್ಲೆಪುರಿ ಹಾಕಿ, ಓಡೋಡಿ ಬರ್ತವೆ.”

ಪುರಿ ತೇಲಿತು, ಊದಿತು, ಮೀನು ಬರಲಿಲ್ಲ. ಮಿಕ್ಕ ಪುರಿಯನ್ನು ಸಂಜೀವಪ್ಪನೇ ಮುಗಿಸಿದರು. ತಲೆಕೆಟ್ಟ ಮೇಷ್ಟ್ರು ಸೀಟಿ ಊದಿದರು. ಬೀದಿಯ ಮಕ್ಕಳೆಲ್ಲ ಬಂದು ಬಾಗಿಲಲ್ಲಿ ಸಾಲು ನಿಂತವು.

“ಇದು ಇಂಗಾಗಲ್ಲ” ಎಂದು ಸಂಜೀವಪ್ಪ ಅಡುಗೆಮನೆಯಿಂದ ಮುದ್ದೆ ಕೋಲು ತಂದು ತೊಟ್ಟಿಗೆ ಇಳಿಸಿ, ಮುದ್ದೆ ತೊಳಸಿದಂತೆ ತೊಳಸಿಯೇಬಿಟ್ಟರು. ನೀರೆಲ್ಲ ರಾಡಿ. ಆ ರಾಡಿಯೊಳಗಿಂದ ಒಂದು ಪಟ್ಟೆ ಮೈ ಬಳುಕಿ ಗಾಜಿಗೆ ಬಂದು ಅಂಟಿತು.

ಸರಿಯಾಗಿ ಆಗಲೇ ದಿನಾ ವರ್ತನೆ ಹಾಲು ಹಾಕುವ ಮುನಿವೆಂಕಟಮ್ಮ ಕ್ಯಾನು ಹಿಡಿದು ಒಳಗೆ ಬಂದಳು.

“ಅಯ್ಯೋ, ನಾಗಪ್ಪಾ! ಎಲ್ಲಿಂದ ತಂದ್ರಿ ಸ್ವಾಮೀ?”

“ತೂಬಗೆರೆ ಹಳ್ಳದಿಂದ. ಅದು ಮೀನು ಕಣಮ್ಮ!”

“ನಾಗಪ್ಪ ಇರೋ ಘಾಟಿ ಸುಬ್ರಮಣ್ಯದ ದಾರೀಲಿ ಸಿಕ್ಕಿದ್ದು ಮೀನಾ?”

“ಮೀಸೆ ನೋಡಮ್ಮ, ಮೀಸೆ!”

“ನಾಗಪ್ಪಂಗೆ ಮೀಸೆ ಇರಬಾರ್ದಾ?” ಎಂದವಳೇ ಕ್ಯಾನಿನ ಹಾಲನ್ನೆಲ್ಲ ತೊಟ್ಟಿಗೆ ಸುರಿದು ಕೈಮುಗಿದಳು.

ಮೇಷ್ಟ್ರು ಹೌಹಾರಿ ಕೈಹಾಕಿ, ತಡಕಾಡಿ, ನಾಲ್ಕು ಮೀನನ್ನೂ ಬಚ್ಚಲಿನ ಬಕೆಟ್ಟಿಗೆ ಸಾಗಿಸಿದರು. ಪುಣ್ಯಕ್ಕೆ ಎಲ್ಲವೂ ಬದುಕಿದ್ದವು. ಹಿಂತಿರುಗುವಷ್ಟರಲ್ಲಿ ಗಾಜಿಗೆ ಅರಿಶಿನ ಕುಂಕುಮ ಬಿದ್ದಿತ್ತು. ಅರ್ಧ ಬೀದಿ ಹಜಾರದಲ್ಲಿತ್ತು. ಮಮತ ಊದುಕಡ್ಡಿ ಹಚ್ಚುತ್ತಿದ್ದಳು.

“ತೊಟ್ಟಿ ಇಲ್ಲೇ ಇರ್ಲಿ ರೀ. ಮಿಷನ್ನು ರೂಮಲ್ಲೇ ಇರ್ಲಿ” ಎಂದಳು.

ಮೇಷ್ಟ್ರಿಗೆ ಕುಣಿಯುವಷ್ಟು ಖುಷಿ. “ಹಂಗಾದ್ರೆ ನೀರು ಬದಲಾಯಿಸಿ ಮೀನು ಬಿಟ್ಬಿಡ್ತೀನಿ.”

“ದೇವ್ರಿರೋ ಜಾಗಕ್ಕೆ ಮೀನಾ! ಬುದ್ಧಿ ಐತಾ ನಿಮ್ಗೆ?”

“ಯಾವ ದೇವ್ರೇ? ನಾಲ್ಕೂ ಬಕೆಟ್ಟಲ್ಲಿವೆ. ಇಲ್ಲೇನು ಕಾಣ್ತಿದೆ?”

“ಕಣ್ಣಿಗೆ ಕಂಡ್ರೇನೇ ನಂಬೋದಾ?” ಎಂದಳು ಮಮತ. ಬೀದಿಯೆಲ್ಲ ಹೌದೌದು ಎಂದಿತು.

ಮೇಷ್ಟ್ರು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಮಣೆಯ ಮೇಲೆ ಕೂತರು. ಬಕೆಟ್ಟಿನಲ್ಲಿ ಕಲ್ಲಿಲ್ಲ, ಮರಳಿಲ್ಲ. ನಾಲ್ಕು ಮೀನೂ ತಳದಲ್ಲಿ ಮೀಸೆ ಆಡಿಸುತ್ತಾ ಸಾಲಾಗಿ ಮಲಗಿದ್ದವು. ಎಷ್ಟು ಚೆಂದ! ತಂದಾಗಿನಿಂದ ಇಷ್ಟು ಕಣ್ತುಂಬ ನೋಡಿಯೇ ಇರಲಿಲ್ಲ. ಮೇಷ್ಟ್ರ ಮನಸ್ಸು ತಣ್ಣಗಾಯಿತು.

ಮಮತ ಹೊರಗಿನಿಂದ ಬಾಗಿಲು ದಬದಬ ಬಡಿದಳು.

“ರೀ, ಬೇಗ ಆ ಬಕೆಟ್ ಖಾಲಿ ಮಾಡ್ಕೊಡಿ! ನಾಗಪ್ಪನ ಅಭಿಷೇಕಕ್ಕೆ ನೀರು ಹಿಡೀಬೇಕು.”